ಪರದೆಗೆ ಮರಳಿದ ಮೇಷ್ಟ್ರ ಕೈ

ಗೌರಿಬಿದನೂರಿನ ಸುತ್ತಲಿನ ಗಟ್ಟಿ ಬಂಡೆನೆಲದಲ್ಲಿ 1965ರಿಂದ ಭೂಕಂಪಮಾಪಕಗಳ ಒಂದು ಜಾಲವಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಈ ಜಾಲ ದೂರದೇಶದ ಭೂಕಂಪವನ್ನೂ ನೆಲದಡಿಯ ಅಣುಸ್ಫೋಟವನ್ನೂ ಹಿಡಿಯುತ್ತದೆ. ಹಿಡಿದದ್ದನ್ನು ಅದು ಅಂಕುಡೊಂಕು ಗೆರೆಗಳಲ್ಲಿ ದಾಖಲಿಸುತ್ತದೆ. ಆ ಗೆರೆಗಳನ್ನು ಓದುವುದನ್ನು ಬಿ.ಎಸ್ಸಿ. ತರಗತಿಯಲ್ಲಿ ಕಲಿಸುವುದು ಹೇಗೆ? ಕಪ್ಪುಹಲಗೆಯ ಮೇಲೆ ಬರೆದರೆ ಅದು ಮೇಷ್ಟ್ರು ಊಹಿಸಿಕೊಂಡ ಅಲೆಯೇ ಹೊರತು ನೆಲ ಬರೆದ ಅಲೆಯಲ್ಲ. ಪ್ರೊಜೆಕ್ಟರಿನಲ್ಲಿ ನಿಜವಾದ ದಾಖಲೆಯನ್ನೇ ತೋರಿಸಬಹುದು, ಆದರೆ ಅದರ ಮೇಲೆ ಗೀಚಲಾಗದು. ಲೇಸರ್ ಚುಕ್ಕಿ ಓಡಾಡಿ ಮಾಯವಾಗುತ್ತದೆ.

ಪೆನ್ನಿನಿಂದ ಬರೆಯಬಲ್ಲ ಟ್ಯಾಬ್ಲೆಟ್ ಕಂಪ್ಯೂಟರ್ ಈ ಎರಡು ಕೊರತೆಗಳನ್ನೂ ಒಟ್ಟಿಗೆ ನೀಗಿಸುತ್ತದೆ. ದಾಖಲೆಯನ್ನು ಪರದೆಗೆ ತಂದು, ಮೊದಲು ಬಂದು ಮುಟ್ಟುವ ಪಿ ಅಲೆಯ ಬುಡದಲ್ಲಿ ಒಂದು ಕೆಂಪು ಗೆರೆ, ಹಿಂದೆಯೇ ಬರುವ ಎಸ್ ಅಲೆಯ ಬುಡದಲ್ಲಿ ಇನ್ನೊಂದು ಗೆರೆ ಎಳೆದರಾಯಿತು. ನಡುವಿನ ಅಂತರ 25 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಹತ್ತಿರದ ಭೂಕಂಪಗಳಿಗೆ ಸೆಕೆಂಡಿಗೆ ಸುಮಾರು 8 ಕಿ.ಮೀ. ಎಂಬ ಲೆಕ್ಕ ಹಿಡಿದರೆ ಕಂಪನದ ಮೂಲ 200 ಕಿ.ಮೀ. ದೂರದಲ್ಲಿದೆ. ಗುಣಾಕಾರವನ್ನೂ ಅದೇ ಪರದೆಯ ಮೂಲೆಯಲ್ಲಿ ಮಾಡಬಹುದು. ಎಸ್ ಅಲೆ ಎಲ್ಲಿ ಶುರುವಾಯಿತೆಂದು ಗುರುತಿಸುವುದು ಪಳಗಿದವರಿಗೂ ಸುಲಭವಲ್ಲ. ಮೇಷ್ಟ್ರು ಒಂದು ಕಡೆ ಗೆರೆ ಎಳೆದು, ‘ಊಹೂಂ, ಇಲ್ಲಲ್ಲ’ ಎಂದು ಅಳಿಸಿ, ಕೂದಲೆಳೆಯಷ್ಟು ಪಕ್ಕಕ್ಕೆ ಮತ್ತೆ ಎಳೆಯುತ್ತಾರೆ. ವಿಜ್ಞಾನಿಯೊಬ್ಬ ಹೇಗೆ ಯೋಚಿಸುತ್ತಾನೆ ಎಂಬುದು ವಿದ್ಯಾರ್ಥಿಗೆ ಕಾಣಿಸುವುದು ಆ ಹಿಂಜರಿಕೆಯಲ್ಲೇ. ಅಚ್ಚುಕಟ್ಟಾದ ಸ್ಲೈಡಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಈ ಪೆನ್ನಿನಲ್ಲಿ ಶಾಯಿಯಿಲ್ಲ. ಹಲವು ಪೆನ್ನುಗಳಲ್ಲಿ ಬ್ಯಾಟರಿಯೂ ಇಲ್ಲ. ಹಾಗಿದ್ದೂ ಅದರ ತುದಿ ಎಲ್ಲಿದೆಯೆಂದು ಪರದೆಗೆ ತಿಳಿಯುತ್ತದೆ. ಜಪಾನಿನ ವಾಕಾಮ್ ಕಂಪನಿ 1980ರ ದಶಕದಲ್ಲಿ ಬಳಕೆಗೆ ತಂದ ಉಪಾಯವಿದು. ಪರದೆಯ ಹಿಂದೆ ತಾಮ್ರದ ತಂತಿಸುರುಳಿಗಳ ಬಲೆಯೊಂದಿರುತ್ತದೆ. ಅದು ಕಣ್ಣೆವೆ ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಕಾಂತಕ್ಷೇತ್ರ ಹೊಮ್ಮಿಸಿ ಸುಮ್ಮನಾಗುತ್ತದೆ. ಪೆನ್ನಿನೊಳಗೆ ಒಂದು ಪುಟ್ಟ ಸುರುಳಿಯೂ ಒಂದು ಕೆಪಾಸಿಟರೂ ಸೇರಿ ಅದೇ ಆವರ್ತನಕ್ಕೆ ಹೊಂದಿಕೊಂಡಿರುತ್ತವೆ. ಕ್ಷೇತ್ರದಿಂದ ಶಕ್ತಿ ಹೀರಿಕೊಂಡ ಪೆನ್ನು, ಬಲೆ ಸುಮ್ಮನಾದ ಮೇಲೂ ಒಂದಿಷ್ಟು ಹೊತ್ತು ಅನುರಣಿಸುತ್ತಲೇ ಇರುತ್ತದೆ. ಈಗ ಬಲೆ ಅದನ್ನು ಆಲಿಸುತ್ತದೆ. ಯಾವ ಸುರುಳಿಗೆ ಸಂಕೇತ ಜೋರಾಗಿ ಸಿಕ್ಕಿತು, ಪಕ್ಕದ ಸುರುಳಿಗೆ ಎಷ್ಟು ಕ್ಷೀಣವಾಗಿ ಸಿಕ್ಕಿತು ಎಂದು ಹೋಲಿಸಿ ತುದಿಯ ಜಾಗವನ್ನು ಮಿಲಿಮೀಟರಿನ ಸಣ್ಣ ಪಾಲಿನಷ್ಟು ನಿಖರವಾಗಿ ಲೆಕ್ಕ ಹಾಕುತ್ತದೆ. ಇಷ್ಟೆಲ್ಲ ನಡೆಯುವುದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ.

ಒತ್ತಿ ಬರೆದರೆ ಗೆರೆ ದಪ್ಪವಾಗುವುದಕ್ಕೂ ಅನುರಣನವೇ ಕಾರಣ. ಪೆನ್ನಿನ ತುದಿ ಒಳಗೆ ಸರಿದಷ್ಟೂ ಆವರ್ತನ ತುಸು ಜರುಗುತ್ತದೆ. ಆ ಜರುಗುವಿಕೆಯೇ ಒತ್ತಡದ ಅಳತೆ. ಅಂಗೈಯೊಳಗೆ ಸುರುಳಿಯಿಲ್ಲವಾದ್ದರಿಂದ ಪರದೆಯ ಮೇಲೆ ಕೈ ಊರಿ ಬರೆದರೂ ಬಲೆಗೆ ಅದರ ಪರಿವೆಯಿರುವುದಿಲ್ಲ. ಗೌರಿಬಿದನೂರಿನಲ್ಲೇ 1976ರಲ್ಲಿ ಕೆಲಸ ಶುರುಮಾಡಿದ ರೇಡಿಯೊ ದೂರದರ್ಶಕದ ಸಾವಿರ ಆಂಟೆನಾಗಳು ಆಕಾಶದಿಂದ ಬರುವ ಅಲೆಗಳಲ್ಲಿ 34.5 ಮೆಗಾಹರ್ಟ್ಸ್‌ನ ಅಲೆಯನ್ನು ಆಯ್ದುಕೊಳ್ಳುತ್ತಿದ್ದುದರ ಹಿಂದೆಯೂ ಅನುರಣನದ ಪಾಠವಿದೆ. ಭೌತವಿಜ್ಞಾನದ ಮೇಷ್ಟ್ರಿಗೆ ಕೈಯಲ್ಲಿ ಹಿಡಿದ ಪೆನ್ನೇ ಒಂದು ಪ್ರಯೋಗವಾಗಬಲ್ಲದು.

ಎಲ್ಲ ಪೆನ್ನುಗಳೂ ಹೀಗಲ್ಲ. 2015ರಲ್ಲಿ ಬಂದ ಆಪಲ್ ಪೆನ್ಸಿಲ್‌ನಂಥವು ತಮ್ಮ ಬ್ಯಾಟರಿಯಿಂದ ತಾವೇ ಸಂಕೇತ ಕಳಿಸುತ್ತವೆ. ಬೆರಳಿನ ಬದಲು ಬಳಸುವ, ರಬ್ಬರ್ ತುದಿಯ ಅಗ್ಗದ ಕಡ್ಡಿಗಳಲ್ಲಿ ಇದ್ಯಾವುದೂ ಇಲ್ಲ. ಅವುಗಳಿಂದ ಸಮೀಕರಣ ಬರೆಯುವುದು ಕಷ್ಟವೇ.

ಪರದೆಯ ಮೇಲೆ ಬರೆಯುವ ಆಸೆ ಹಳೆಯದು. ಅಮೆರಿಕದ ರ‍್ಯಾಂಡ್ ಸಂಸ್ಥೆ 1964ರಲ್ಲೇ ತಾಮ್ರದ ಗೆರೆಗಳ ಹಲಗೆಯೊಂದನ್ನು ಕಂಪ್ಯೂಟರಿಗೆ ಜೋಡಿಸಿತ್ತು. ಮೈಕ್ರೋಸಾಫ್ಟಿನ ಟ್ಯಾಬ್ಲೆಟ್ ಪಿಸಿ ಮಾರುಕಟ್ಟೆಗೆ ಬಂದದ್ದು 2002ರಲ್ಲಿ. ಬೆಂಗಳೂರು ಈ ಓಟದಲ್ಲಿ ಹಿಂದೆ ಬಿದ್ದಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್‌ನಲ್ಲಿ ಕಡ್ಡಿಯಿಂದ ಒತ್ತಿ ಬರೆಯಬಹುದಿತ್ತು. 2004ರಲ್ಲಿ ಅಮಿಡ ಎಂಬ ಹೆಸರಲ್ಲಿ ಮಾರಾಟಕ್ಕೂ ಬಂತು. ಐಪ್ಯಾಡ್ ಹುಟ್ಟುವುದಕ್ಕೆ ಇನ್ನೂ ಆರು ವರ್ಷವಿತ್ತು. ಸಿಂಪ್ಯೂಟರ್ ಉಳಿದು ಬೆಳೆಯಲಿಲ್ಲ ಎಂಬುದು ಇಂದಿಗೂ ನೋಯಿಸುವ ಸಂಗತಿ.

ಬರೆಯುತ್ತ ಕಲಿಸಿದರೆ ಪಾಠ ಚೆನ್ನಾಗಿ ಹತ್ತುತ್ತದೆಯೇ? ಲೋಗನ್ ಫಿಯೊರೆಲ್ಲಾ ಮತ್ತು ರಿಚರ್ಡ್ ಮೇಯರ್ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಡಾಪ್ಲರ್ ಪರಿಣಾಮದ ಪಾಠವನ್ನು ಕೆಲವರಿಗೆ ಮೊದಲೇ ಬರೆದಿಟ್ಟ ಚಿತ್ರದಿಂದ, ಇನ್ನು ಕೆಲವರಿಗೆ ಕಣ್ಣೆದುರೇ ಚಿತ್ರ ಬರೆಯುತ್ತ ಹೇಳಿಕೊಟ್ಟರು. ವಿಷಯದ ಪರಿಚಯ ಕಡಿಮೆಯಿದ್ದವರಿಗೆ ಬರೆಯುವುದನ್ನು ನೋಡಿದ್ದರಿಂದ ಹೆಚ್ಚು ಅನುಕೂಲವಾಯಿತು. 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ಪಾಠಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಫಿಲಿಪ್ ಗುವೊ ಮತ್ತು ಸಂಗಡಿಗರಿಗೂ ಬರೀ ಸ್ಲೈಡುಗಳಿಗಿಂತ ಟ್ಯಾಬ್ಲೆಟ್ ಮೇಲೆ ಬರೆಯುತ್ತ ಸಾಗುವ ಪಾಠಗಳನ್ನೇ ಜನ ಹೆಚ್ಚು ಹೊತ್ತು ನೋಡುವುದು ಕಂಡುಬಂತು.

ಬರೆಯುತ್ತ ಕಲಿಸುವುದು ಭೌತವಿಜ್ಞಾನಕ್ಕಷ್ಟೇ ಒದಗುವುದಲ್ಲ. ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯ 1995ರಲ್ಲಿ ಶುರುವಾಯಿತು. ಅಂಥಲ್ಲಿ ಹೇಳಿಕೊಡಬೇಕಾದ ಒಂದು ಚಿತ್ರವನ್ನೇ ನೋಡಿ: ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳುವಿನ ರೇಷ್ಮೆಗ್ರಂಥಿ. ಪಠ್ಯಪುಸ್ತಕದ ಚಿತ್ರದಲ್ಲಿ ಹತ್ತಾರು ಬಾಣದ ಗುರುತುಗಳು ಒಮ್ಮೆಗೇ ಮೇಲೆ ಬೀಳುತ್ತವೆ. ಪೆನ್ನು ಹಿಡಿದ ಮೇಷ್ಟ್ರು ಮೊದಲು ಹುಳುವಿನ ಫೋಟೊ ಇಡುತ್ತಾರೆ. ಅದರ ಮೇಲೆ ಕರುಳಿನ ಎರಡೂ ಬದಿಗೆ ಸುರುಳಿ ಸುತ್ತಿದ ಎರಡು ಗ್ರಂಥಿಗಳು. ಹಿಂಭಾಗಕ್ಕೆ ಹಳದಿ ಬಣ್ಣ: ಫೈಬ್ರೊಯಿನ್ ಹುಟ್ಟುವುದು ಇಲ್ಲಿ. ದಪ್ಪನೆಯ ನಡುಭಾಗಕ್ಕೆ ಹಸಿರು: ಸೆರಿಸಿನ್ ಎಂಬ ಅಂಟು ಬಂದು ಸೇರುವುದು ಇಲ್ಲಿ. ಆಮೇಲೆ ಎರಡು ಸಣ್ಣ ನಾಳಗಳು ಮುಂದಕ್ಕೆ ಹರಿದು, ಬಾಯಿಯ ಕೆಳಗೆ ನೂಲು ಹೊರಬರುವಲ್ಲಿ ಒಂದಾಗುತ್ತವೆ. ಗ್ರಂಥಿ ಎರಡಿರುವುದರಿಂದಲೇ ಒಂದೇ ಎಳೆಯಂತೆ ಕಾಣುವ ನೂಲಿನೊಳಗೆ ಎರಡೆಳೆಯಿದೆ. ಶಿಡ್ಲಘಟ್ಟದ ರೀಲರ್‌ಗಳು ಗೂಡನ್ನು ಬಿಸಿನೀರಿಗೆ ಹಾಕುವುದು ಆ ಹಸಿರು ಭಾಗದ ಅಂಟನ್ನು ಸಡಿಲಿಸುವುದಕ್ಕೆ. ಬಿಚ್ಚಾಣಿಕೆ ನೋಡುತ್ತಲೇ ಬೆಳೆದ ಹುಡುಗಿಗೆ ಮನೆಯ ಕೆಲಸ ಮತ್ತು ಪಾಠ ಕೂಡಿಕೊಳ್ಳುವ ಜಾಗ ಇದು.

ಪೆನ್ನಿನಿಂದ ಗೌರಿಬಿದನೂರು, ಚಿಂತಾಮಣಿಗಳ ಈ ಸೀಮೆಗೆ ಇನ್ನೊಂದು ವಿಶೇಷ ಉಪಕಾರವಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ, ಭೌತವಿಜ್ಞಾನದ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರು ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜು ತಂದದ್ದು ಹಳ್ಳಿಯ ಮಕ್ಕಳಿಗಾಗಿ. ಇಲ್ಲಿನ ಎಷ್ಟೋ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತೆಲುಗಾಡಿ, ಪದವಿಯಲ್ಲಿ ಇಂಗ್ಲಿಷ್ ಪುಸ್ತಕಕ್ಕೆ ಎದುರಾಗುತ್ತಾರೆ. ಪಾಠ ಕೇಳಿಸುವುದು ಬೆರಕೆ ಭಾಷೆಯಲ್ಲಿ. ಕೀಲಿಮಣೆಯಲ್ಲಿ ಒತ್ತಕ್ಷರ, ಗ್ರೀಕ್ ಅಕ್ಷರ, ವರ್ಗಮೂಲಗಳನ್ನು ಒಂದೇ ಸಾಲಿನಲ್ಲಿ ಕೂರಿಸುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಪೆನ್ನಿಗೆ ಲಿಪಿಯ ಹಂಗಿಲ್ಲ. ಬರೆದದ್ದನ್ನು ಅಕ್ಷರವಾಗಿ ಗುರುತಿಸುವುದು ಬೇರೆ ಸಾಹಸ. ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಕೈಬರಹಕ್ಕಾಗಿ ಆ ಕೆಲಸದಲ್ಲಿ ತೊಡಗಿತ್ತು. ತರಗತಿಗೆ ಮಾತ್ರ ಅಷ್ಟೂ ಬೇಕಿಲ್ಲ, ಓದಲು ಬರುವಂತಿದ್ದರೆ ಸಾಕು. ಗಂಟೆ ಮುಗಿದ ಮೇಲೆ ಪುಟಗಳನ್ನು ಪಿಡಿಎಫ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ, ಬಸ್ಸು ತಪ್ಪಿ ತಡವಾಗಿ ಬಂದವರಿಗೂ ಪಾಠ ಸಿಗುತ್ತದೆ.

ಈ ಯಂತ್ರಕ್ಕೊಂದು ದೊಡ್ಡ ಕುಂದಿದೆ. ಗೋಡೆಯಗಲದ ಕಪ್ಪುಹಲಗೆಯಲ್ಲಿ ಇಪ್ಪತ್ತು ಸಾಲಿನ ನಿಷ್ಪತ್ತಿ ಮೊದಲಿನಿಂದ ಕೊನೆಯವರೆಗೆ ಕಣ್ಣೆದುರಿಗಿರುತ್ತದೆ. ಪರದೆಯಲ್ಲಿ ಐದಾರು ಸಾಲಾದೊಡನೆ ಪುಟ ಸರಿಯುತ್ತದೆ. ನಿಧಾನವಾಗಿ ನೋಟ್ಸ್ ಬರೆದುಕೊಳ್ಳುವವರು ಅಲ್ಲೇ ಹಿಂದುಳಿಯುತ್ತಾರೆ. ಹಾಗಾಗಿ ಸೀಮೆಸುಣ್ಣವನ್ನು ಕೈಬಿಡಬೇಕಾಗಿಲ್ಲ. ನಿಷ್ಪತ್ತಿಯ ಸಮೀಕರಣಗಳು ಹಲಗೆಯ ಮೇಲೆ ಉಳಿಯಲಿ. ಪಕ್ಕದ ಪರದೆಯಲ್ಲಿ ಗೌರಿಬಿದನೂರಿನ ದಾಖಲೆ, ಹುಳುವಿನ ಫೋಟೊ, ಅವುಗಳ ಮೇಲೆ ಓಡುವ ಕೆಂಪು ಗೆರೆಗಳಿರಲಿ. ಕರೆಂಟ್ ಹೋದ ದಿನವೂ ಅರ್ಧ ಪಾಠವಾದರೂ ಗೋಡೆಯ ಮೇಲಿರುತ್ತದೆ.