ಕಂಪ್ಯೂಟರ್‌ಗೂ ಉಸಿರುಕಟ್ಟುತ್ತದೆ!

ಬೇಸಿಗೆಯ ಮಧ್ಯಾಹ್ನ. ಮಗಳು ಕಾಲೇಜಿನ ಪ್ರಾಜೆಕ್ಟ್ ವರದಿಯ ಕೊನೆಯ ಪುಟ ಟೈಪ್ ಮಾಡುತ್ತಿದ್ದಾಳೆ. ಮೇಜಿನ ಕೆಳಗಿನ ಪೆಟ್ಟಿಗೆ ಅರ್ಧ ಗಂಟೆಯಿಂದ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿದೆ. ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತದೆ. ಸೇವ್ ಮಾಡದ ಪುಟಗಳೆಲ್ಲ ಮಾಯ! "ಹಗಲೂ ರಾತ್ರಿ ಗೇಮ್ ಆಡಿದರೆ ಇನ್ನೇನಾಗುತ್ತೆ?" ಎಂದು ಅಪ್ಪ ಮಗನ ಮೇಲೆ ರೇಗುತ್ತಾರೆ. "ನಾನೇನೂ ಮಾಡಿಲ್ಲಪ್ಪಾ" ಎಂದು ಅವನು ಅಳುಮುಖ ಮಾಡುತ್ತಾನೆ. ವೈರಸ್ ಬಂದಿರಬೇಕು ಎಂದು ಒಬ್ಬರು, ಹಳೆಯದಾಯಿತು, ಹೊಸದು ಕೊಳ್ಳಿ ಎಂದು ಇನ್ನೊಬ್ಬರು. ಪೆಟ್ಟಿಗೆಯ ಮುಚ್ಚಳ ತೆರೆದು ನೋಡುವವರೇ ಇಲ್ಲ. ತೆರೆದಿದ್ದರೆ ಎಷ್ಟೋ ಮನೆಗಳಲ್ಲಿ ಅಪರಾಧಿ ಕಣ್ಣಿಗೆ ಬೀಳುತ್ತಿತ್ತು: ಧೂಳು!

ಬಿಸಿ ಬರುವುದೆಲ್ಲಿಂದ?

ಕಂಪ್ಯೂಟರ್ ಬಳಸುವ ವಿದ್ಯುತ್ತು ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. 1978ರಲ್ಲಿ ಬಂದ ಇಂಟೆಲ್ 8086 ಪ್ರೊಸೆಸರ್‌ನಲ್ಲಿದ್ದ ಟ್ರಾನ್ಸಿಸ್ಟರ್‌ಗಳು ಸುಮಾರು 29 ಸಾವಿರ. ಅದಕ್ಕೆ ಫ್ಯಾನು ಬೇಕಿರಲಿಲ್ಲ. 1993ರ ಪೆಂಟಿಯಂನಲ್ಲಿ ಸಂಖ್ಯೆ 31 ಲಕ್ಷಕ್ಕೇರಿತು. ಪ್ರೊಸೆಸರ್ ಮೇಲೆ ಫ್ಯಾನು ಕೂರುವುದೂ ಮಾಮೂಲಾಯಿತು. ಇಂದಿನ ಪ್ರೊಸೆಸರ್‌ಗಳಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಶಕ್ತಿಶಾಲಿಯಾದ ಒಂದು ಪ್ರೊಸೆಸರ್ ಭರ್ತಿ ಕೆಲಸದಲ್ಲಿದ್ದಾಗ 100 ವಾಟ್‌ಗೂ ಹೆಚ್ಚು ವಿದ್ಯುತ್ ನುಂಗುತ್ತದೆ. ಹಳೆಯ ಕಾಲದ 100 ವಾಟ್ ಬಲ್ಬನ್ನು ಮುಟ್ಟಿದವರಿಗೆ ಆ ಬಿಸಿ ಗೊತ್ತು. ಅಷ್ಟು ಶಾಖ ಇಲ್ಲಿ ಅಂಚೆಚೀಟಿಗಿಂತ ಚಿಕ್ಕದಾದ ಸಿಲಿಕಾನ್ ತುಣುಕಿನಿಂದ ಏಳುತ್ತದೆ!

ಈ ಶಾಖವನ್ನು ಅಲ್ಯೂಮಿನಿಯಂ ಅಥವಾ ತಾಮ್ರದ ತೆಳು ತಗಡುಗಳ 'ಹೀಟ್ ಸಿಂಕ್' ಹೀರುತ್ತದೆ. ಫ್ಯಾನು ಗಾಳಿ ಬೀಸಿ ಅದನ್ನು ಹೊರಗಟ್ಟುತ್ತದೆ. ಆದರೆ ಗಾಳಿಯ ಜತೆಗೇ ಧೂಳು, ಕೂದಲು, ಬಟ್ಟೆಯ ನೂಲು, ಊದುಬತ್ತಿಯ ಹೊಗೆ ಎಲ್ಲವೂ ಒಳಬರುತ್ತವೆ. ಕ್ರಮೇಣ ತಗಡುಗಳ ಸಂದಿಯಲ್ಲಿ ಕಂಬಳಿಯಂಥ ಪದರ ಕಟ್ಟುತ್ತದೆ. ಹೊದ್ದವರ ಮೈಬಿಸಿಯನ್ನು ಕಂಬಳಿ ಹೊರಬಿಡುವುದಿಲ್ಲ, ಇಲ್ಲಿಯೂ ಅಷ್ಟೇ.

ಬಿಸಿ ಏರಿದಂತೆ ಫ್ಯಾನು ಜೋರಾಗಿ ತಿರುಗುತ್ತದೆ. ಅದೂ ಸಾಲದಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 'ಕಂಪ್ಯೂಟರ್ ನಿಧಾನವಾಯಿತು' ಎಂಬ ದೂರಿಗೆ ಇದೂ ಒಂದು ಕಾರಣ. ಅನೇಕ ಪ್ರೊಸೆಸರ್‌ಗಳಿಗೆ ಈ ಮಿತಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದೆ. ಮತ್ತೂ ಬಿಸಿಯಾದರೆ ಯಂತ್ರ ಜೀವ ಉಳಿಸಿಕೊಳ್ಳಲು ತಾನಾಗಿಯೇ ಆರಿಹೋಗುತ್ತದೆ. ಫ್ಯಾನು ಕೋಣೆಯ ಗಾಳಿಯನ್ನೇ ಬೀಸುತ್ತದೆಯೇ ಹೊರತು ಅದನ್ನು ತಂಪು ಮಾಡದು. ಆದ್ದರಿಂದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಎಚ್ಚರ ಹೆಚ್ಚು ಬೇಕು.

ಧೂಳು ತೆಗೆಯುವ ಬಗೆ

ಬೇಕಾದದ್ದು ಸ್ಕ್ರೂಡ್ರೈವರ್, ಒಣಗಿದ ಮೆತ್ತನೆಯ ಬ್ರಷ್, ಕ್ಯಾಮೆರಾ ಶುಚಿಗೊಳಿಸಲು ಬಳಸುವ ರಬ್ಬರಿನ ಗಾಳಿಪಂಪು, ಮೂಗಿಗೊಂದು ಕರವಸ್ತ್ರ. ವಾರಂಟಿ ಇನ್ನೂ ಇದ್ದರೆ ಮುಚ್ಚಳ ತೆರೆಯುವ ಮೊದಲು ಅದರ ಷರತ್ತು ಓದುವುದು ಲೇಸು.

ಕಂಪ್ಯೂಟರನ್ನು ಷಟ್‌ಡೌನ್ ಮಾಡಿ, ಸ್ವಿಚ್ ಆರಿಸಿ, ಎಲ್ಲ ವೈರುಗಳನ್ನೂ ಕಿತ್ತು ಪೆಟ್ಟಿಗೆಯನ್ನು ಜಗಲಿಗೋ ಬಾಲ್ಕನಿಗೋ ತನ್ನಿ. ಪಕ್ಕದ ಮುಚ್ಚಳ ತೆಗೆದೊಡನೆ ಒಳಗೆ ಕೈ ಹಾಕಬೇಡಿ. ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಆಗಾಗ ಹೀಗೆ ಮಾಡುತ್ತಿರಿ. ಮೈಯಲ್ಲಿ ಸಂಗ್ರಹವಾದ ಸ್ಥಿರ ವಿದ್ಯುತ್ತು ಚುರುಕ್ಕೆಂದು ಅರಿವಿಗೆ ಬರಲು ಸುಮಾರು 3,000 ವೋಲ್ಟ್ ಬೇಕು. ಚಿಪ್ ಕೆಡಲು ಅದಕ್ಕಿಂತ ಬಹಳ ಕಡಿಮೆ ಸಾಕು.

ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಬ್ರಷ್ಷಿನಿಂದ ಧೂಳು ಸಡಿಲಿಸಿ, ಗಾಳಿ ಹಾಯಿಸಿ. ಹೀಟ್ ಸಿಂಕನ್ನು ಕೀಳಬೇಡಿ. ಕಿತ್ತರೆ ಅದರಡಿಯ ಪೇಸ್ಟನ್ನು ಹೊಸದಾಗಿ ಹಚ್ಚಬೇಕಾಗುತ್ತದೆ. ಒದ್ದೆ ಬಟ್ಟೆ ಖಂಡಿತ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಅದರ ಕೊಳವೆಯಲ್ಲಿ ಸ್ಥಿರ ವಿದ್ಯುತ್ತು ಹುಟ್ಟಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಕರೆಂಟ್ ವೈರು ಬಂದು ಸೇರುವ ಎಸ್‌ಎಂಪಿಎಸ್ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳು ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಹೊರಗಿನಿಂದ ಗಾಳಿ ಹಾಯಿಸಿದರೆ ಸಾಕು. ಮಕ್ಕಳು ಈ ಕೆಲಸ ಮಾಡುವಾಗ ಹಿರಿಯರು ಜತೆಗಿರಲಿ.

ಇಷ್ಟಾದರೂ ಯಂತ್ರ ಆರಿಹೋಗುತ್ತಿದ್ದರೆ ಫ್ಯಾನು ಸವೆದಿರಬಹುದು, ಪೇಸ್ಟ್ ಒಣಗಿರಬಹುದು. ಆಗ ತಂತ್ರಜ್ಞರ ಬಳಿ ಒಯ್ಯಿರಿ.

ವರ್ಷಕ್ಕೆರಡು ಬಾರಿ

ಪೆಟ್ಟಿಗೆ ನೆಲದ ಮೇಲಿರದೆ ತುಸು ಎತ್ತರದಲ್ಲಿರಲಿ. ಅದಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗವಿರಲಿ. ಅಮ್ಮ ಅಕ್ಕರೆಯಿಂದ ಹೊಲಿದ ಹೊದಿಕೆಯನ್ನು ಯಂತ್ರ ಆರಿಸಿ, ಬಿಸಿ ಇಳಿದ ಮೇಲಷ್ಟೇ ಹಾಕಬೇಕು.

ಆಯುಧಪೂಜೆಯಂದು ಕಂಪ್ಯೂಟರಿಗೂ ಕುಂಕುಮವಿಟ್ಟು ಹೂ ಮುಡಿಸುವ ಮನೆಗಳು ಬಹಳ. ಅದರ ಹಿಂದಿನ ದಿನ ಒಮ್ಮೆ, ಬಿಸಿಲೇರುವ ಯುಗಾದಿಯ ಹೊತ್ತಿಗೆ ಇನ್ನೊಮ್ಮೆ ಒಳಗಿನ ಧೂಳು ಕೊಡವಿದರೆ ಸಾಮಾನ್ಯವಾಗಿ ಸಾಕು. ಅಪ್ಪ ಸ್ಕ್ರೂ ಬಿಚ್ಚಲಿ, ಮಗ ಬ್ರಷ್ ಹಿಡಿಯಲಿ, ಮಗಳು ವರದಿ ಸೇವ್ ಮಾಡಿಕೊಳ್ಳಲಿ. ಅರ್ಧ ಗಂಟೆಯ ಈ ಕೆಲಸದಿಂದ ಹೊಸ ಕಂಪ್ಯೂಟರಿನ ಖರ್ಚು ಮುಂದಕ್ಕೆ ಹೋಗಬಹುದು. ಮಾಡದ ತಪ್ಪಿಗೆ ಮಗ ಬೈಸಿಕೊಳ್ಳುವುದಂತೂ ತಪ್ಪುತ್ತದೆ.