ಬೆಳಿಗ್ಗೆ ನೆನೆಸಿ, ಸಂಜೆ ಕುಡಿಯಿರಿ

ಏಪ್ರಿಲ್ ತಿಂಗಳು ಬಂತೆಂದರೆ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲಿಡೀ ಕಾದ ಬಂಡೆಗುಡ್ಡಗಳು ರಾತ್ರಿಯಾದರೂ ಬೇಗ ಆರುವುದಿಲ್ಲ. ಇಂಥ ದಿನಗಳಲ್ಲಿ ಶಾಲೆಯಿಂದ ಬಂದ ಮಗು ಮೊದಲು ಕೇಳುವುದೇ ‘ತಣ್ಣಗಿನದು ಏನಾದರೂ ಕೊಡಮ್ಮಾ’ ಎಂದು. ನೆಂಟರು ಬಂದರೆ ಅಂಗಡಿಗೆ ಓಡಿ ದೊಡ್ಡದೊಂದು ಬಾಟಲಿ ತರುತ್ತೇವೆ. ಬಿರಿಯಾನಿ ಇದ್ದಲ್ಲಿ ಕಪ್ಪು ಸೋಡಾ ಇರಲೇಬೇಕು ಎಂಬುದು ಈಗ ಅಲಿಖಿತ ನಿಯಮವಾಗಿಬಿಟ್ಟಿದೆ. ರಮಝಾನಿನ ದಸ್ತರ್‌ಖಾನಿನ ಮೇಲೂ ಖರ್ಜೂರದ ತಟ್ಟೆಯ ಪಕ್ಕದಲ್ಲಿ ಅದೇ ಬಾಟಲಿ ಬಂದು ಕುಳಿತಿದೆ.

ಆ ಬಾಟಲಿಯ ಒಳಗೇನಿದೆ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಸಾಮಾನ್ಯ ಕೋಲಾ ಪಾನೀಯದ 100 ಮಿಲಿ ಲೀಟರಿನಲ್ಲಿ ಹತ್ತು ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. 300 ಮಿಲಿ ಲೀಟರ್ ಕುಡಿದವರ ಹೊಟ್ಟೆಗೆ ಸುಮಾರು 32 ಗ್ರಾಂ, ಅಂದರೆ ಎಂಟು ಟೀ ಚಮಚ ಸಕ್ಕರೆ ಸೇರುತ್ತದೆ. ಒಂದು ಲೋಟ ಚಹಾಕ್ಕೆ ಎಂಟು ಚಮಚ ಸಕ್ಕರೆ ಹಾಕಿ ಮಗುವಿಗೆ ಕೊಡಲು ಯಾವ ತಾಯಿ ಒಪ್ಪಿಯಾಳು? ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗದರ್ಶನದಂತೆ ಒಬ್ಬ ವಯಸ್ಕರು ದಿನಕ್ಕೆ ಸೇವಿಸುವ ಇಂಥ ಸಕ್ಕರೆ ಸುಮಾರು 50 ಗ್ರಾಂ ಮೀರಬಾರದು. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಇತ್ತ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇದು ಪಕ್ಕದ ಮನೆಯ ಸುದ್ದಿಯಲ್ಲ. ನಿಮ್ಮ ಮನೆಯ ದಾದಿಯೋ ಅಬ್ಬಾನೋ ಮಾತ್ರೆ ನುಂಗುತ್ತಿರಬಹುದು.

ಹಾಗೆಂದು ಮಕ್ಕಳಿಗೆ ಬರೀ ‘ಬೇಡ, ಬೇಡ’ ಎಂದರೆ ಅವರು ಕೇಳುವರೇ? ಬೇಡವೆನ್ನುವ ಬದಲು ಬೇರೆಯದನ್ನು ಕೈಗೆ ಕೊಡಬೇಕು. ಆ ಬೇರೆಯದು ನಮ್ಮ ಅಡುಗೆ ಮನೆಯಲ್ಲಿಯೂ ನಮ್ಮ ಊರಿನ ಮಣ್ಣಿನಲ್ಲಿಯೂ ಇದೆ.

ಸಂಗನಕಲ್ಲಿನ ಮಡಕೆಯಲ್ಲಿ ಏನಿತ್ತು?

ಬಳ್ಳಾರಿ ನಗರಕ್ಕೆ ಹತ್ತಿರದಲ್ಲೇ ಇರುವ ಸಂಗನಕಲ್ಲಿನ ಗುಡ್ಡಗಳನ್ನು ನೀವು ನೋಡಿರಬಹುದು. ನವಶಿಲಾಯುಗದ ಜನ ಅಲ್ಲಿ ಮನೆ ಕಟ್ಟಿ, ದನ-ಕುರಿ ಸಾಕಿ, ಕಲ್ಲಿನ ಕೊಡಲಿಗಳನ್ನು ತಯಾರಿಸಿ ಬದುಕಿದ್ದರು. 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ನೆಲೆಗಳನ್ನು ಗುರುತಿಸಿದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಲ್ಲಿ ಉತ್ಖನನ ನಡೆಸಿದರು. ಆ ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ವಿದ್ವಾಂಸ ಡೋರಿಯನ್ ಫುಲ್ಲರ್ ಮುಂತಾದವರು ಅಲ್ಲಿಯ ಜನ ಏನು ತಿನ್ನುತ್ತಿದ್ದರು ಎಂಬುದನ್ನೇ ಹುಡುಕಿದರು.

ಹುಡುಕಿದ ಬಗೆ ಸರಳವಾದುದು. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಮಣ್ಣು ತಳ ಸೇರುತ್ತದೆ. ಸಾವಿರಾರು ವರ್ಷಗಳ ಹಿಂದೆ ಒಲೆಯ ಬಳಿ ಬಿದ್ದು ಕರಕಲಾದ ಕಾಳು ಮೇಲೆ ತೇಲುತ್ತದೆ. ಹಾಗೆ ತೇಲಿ ಬಂದ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು ಮತ್ತು ಕೊರಲೆಯಂಥ ಸಿರಿಧಾನ್ಯ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಊಟವದು!

ಆ ಊಟದ ಲೆಕ್ಕಾಚಾರ ಎಷ್ಟು ಸರಿಯಾಗಿದೆ ನೋಡಿ. ಒಂದು ಧಾನ್ಯ, ಒಂದು ಬೇಳೆ. ಧಾನ್ಯದಲ್ಲಿ ಕೊರತೆಯಿರುವ ಪ್ರೋಟೀನಿನ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ, ಬೇಳೆಯಲ್ಲಿ ಕಡಿಮೆಯಾದುದನ್ನು ಧಾನ್ಯ ತುಂಬುತ್ತದೆ. ಇಂದಿಗೂ ನಮ್ಮ ಎರೆ ಭೂಮಿಯ ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಸಿರುಗುಪ್ಪದ ಅಕ್ಕಿಯ ಅನ್ನಕ್ಕೆ ಹುರುಳಿ ಸಾರು ಜೊತೆಯಾಗುವುದು ಇದೇ ಲೆಕ್ಕದಲ್ಲಿ. ಕುರುಗೋಡಿನ ಸಂತೆಯಲ್ಲಿ ಸಿಗುವ ಒಂದು ಕಿಲೋ ಹುರುಳಿಗೆ ಕೊಡುವ ಹಣವನ್ನು ಎರಡು ಬಾಟಲಿ ಕೋಲಾದ ಬೆಲೆಯೊಡನೆ ಹೋಲಿಸಿ ನೋಡಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬಾಟಲಿಯಲ್ಲಿ?

ಒಂದು ಪಾತ್ರೆ, ಎರಡು ಅಡುಗೆ

ಸರಳ ಊಟ ಎಂದರೆ ರುಚಿಯಿಲ್ಲದ ಊಟವಲ್ಲ. ಐದು ಮಂದಿಗೆ ಸಾಕಾಗುವ ಎರಡು ಅಡುಗೆಗಳನ್ನು ಇಲ್ಲಿ ಕೊಡಲಾಗಿದೆ.

ಹುರುಳಿ ಸಾರು ಮತ್ತು ಪಲ್ಯ: ಒಂದೂವರೆ ಲೋಟ ಹುರುಳಿಯನ್ನು ಆರಿಸಿ, ತೊಳೆದು, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಐದಾರು ಸೀಟಿ ಬರುವವರೆಗೆ ಬೇಯಿಸಿ. ಕಟ್ಟನ್ನು ಬಸಿದುಕೊಳ್ಳಿ. ಬೆಂದ ಕಾಳಿನಲ್ಲಿ ಎರಡು ಹಿಡಿ ತೆಗೆದು ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ ಬೀಜ ಮತ್ತು ನಾಲ್ಕು ಒಣ ಮೆಣಸಿನಕಾಯಿಯೊಡನೆ ರುಬ್ಬಿ ಕಟ್ಟಿಗೆ ಸೇರಿಸಿ. ಹುಣಸೆ ರಸ, ಉಪ್ಪು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಉಳಿದ ಕಾಳಿಗೆ ಈರುಳ್ಳಿ, ಹಸಿ ಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿದರೆ ರೊಟ್ಟಿಗೆ ಪಲ್ಯವಾಯಿತು.

ಸೋರೆಕಾಯಿ ದಾಲ್ಚಾ: ಕಡಲೆಬೇಳೆ, ತೊಗರಿಬೇಳೆ ಅರ್ಧರ್ಧ ಲೋಟ ತೆಗೆದುಕೊಂಡು ಅರಿಶಿನ ಹಾಕಿ ಮೆತ್ತಗೆ ಬೇಯಿಸಿ ಕಡೆಯಿರಿ. ಕಾಲು ಕಿಲೋ ಎಲುಬಿರುವ ಮಾಂಸವನ್ನು ಶುಂಠಿ-ಬೆಳ್ಳುಳ್ಳಿ ಹಚ್ಚಿ ಬೇರೆಯಾಗಿ ಬೇಯಿಸಿಕೊಳ್ಳಿ. ಈರುಳ್ಳಿ, ಟೊಮೆಟೊ ಹುರಿದು ಖಾರದ ಪುಡಿ, ಧನಿಯಾ ಪುಡಿ ಸೇರಿಸಿ, ದೊಡ್ಡ ಹೋಳುಗಳಾಗಿ ಹೆಚ್ಚಿದ ಸೋರೆಕಾಯಿ, ಮಾಂಸ ಮತ್ತು ಅದರ ನೀರು ಹಾಕಿ. ಸೋರೆಕಾಯಿ ಬೆಂದ ಮೇಲೆ ಬೇಳೆ, ಹುಣಸೆ ರಸ, ಉಪ್ಪು ಬೆರೆಸಿ ಹತ್ತು ನಿಮಿಷ ಕುದಿಸಿ. ಕಾಲು ಕಿಲೋ ಮಾಂಸ ಐದು ಜನರ ತಟ್ಟೆಗೆ ಬರುವುದು ಹೀಗೆ.

ಸೋರೆಕಾಯಿ ಎಂದರೆ ಮೂಗು ಮುರಿಯುವ ಮಕ್ಕಳಿಗೆ ಒಂದು ಘಟನೆಯನ್ನು ಹೇಳಿ. ಒಬ್ಬ ದರ್ಜಿಯು ಪ್ರವಾದಿವರ್ಯರನ್ನು(ಸ) ಊಟಕ್ಕೆ ಕರೆದಿದ್ದರು. ಜವೆಯ ರೊಟ್ಟಿ, ಸೋರೆಕಾಯಿ ಮತ್ತು ಒಣಗಿಸಿದ ಮಾಂಸದ ಸಾರು ಬಡಿಸಲಾಗಿತ್ತು. ಪ್ರವಾದಿವರ್ಯರು(ಸ) ತಟ್ಟೆಯಲ್ಲಿ ಸೋರೆಕಾಯಿ ಹೋಳುಗಳನ್ನು ಹುಡುಕಿ ತಿನ್ನುವುದನ್ನು ಕಂಡ ಹ. ಅನಸ್‌ರಿಗೆ(ರ) ಅಂದಿನಿಂದ ಸೋರೆಕಾಯಿ ಪ್ರಿಯವಾಯಿತು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ಇದು ವರದಿಯಾಗಿದೆ. ಹಿರಿಯರು ಇಷ್ಟಪಟ್ಟು ತಿಂದುದನ್ನು ಮಕ್ಕಳು ತಾವಾಗಿಯೇ ಇಷ್ಟಪಡುತ್ತಾರೆ ಎಂಬ ಪಾಠ ತಂದೆ-ತಾಯಂದಿರಿಗೂ ಇದರಲ್ಲಿದೆ.

ನಬೀಝ್: ಪ್ರವಾದಿಯವರ ಮನೆಯ ತಂಪು ಪಾನೀಯ

ಇನ್ನು ಬಾಯಾರಿಕೆಯ ವಿಷಯ. ಪ್ರವಾದಿವರ್ಯರಿಗೆ(ಸ) ತಂಪಾದ, ಸಿಹಿಯಾದ ಪಾನೀಯ ಬಹಳ ಇಷ್ಟವಾಗಿತ್ತೆಂದು ಹ. ಆಯಿಶಾ(ರ) ಹೇಳಿದ್ದನ್ನು ತಿರ್ಮಿದಿಯಲ್ಲಿ ಓದುತ್ತೇವೆ. ಮದೀನದ ಬಿಸಿಲೂ ಬಳ್ಳಾರಿಯದರಂತೆಯೇ ಉಗ್ರವಾದುದು. ಆ ಮನೆಯಲ್ಲಿ ತಯಾರಾಗುತ್ತಿದ್ದ ಪಾನೀಯದ ಹೆಸರು ನಬೀಝ್. ಖರ್ಜೂರವನ್ನೋ ಒಣದ್ರಾಕ್ಷಿಯನ್ನೋ ನೀರಿನಲ್ಲಿ ನೆನೆಸಿಟ್ಟರೆ ಆಯಿತು. ಬೆಳಿಗ್ಗೆ ನೆನೆಸಿದ್ದನ್ನು ಅವರು ಸಂಜೆ ಕುಡಿಯುತ್ತಿದ್ದರು, ಸಂಜೆ ನೆನೆಸಿದ್ದನ್ನು ಬೆಳಿಗ್ಗೆ ಕುಡಿಯುತ್ತಿದ್ದರು ಎಂದು ಹ. ಆಯಿಶಾ(ರ) ವಿವರಿಸಿದ್ದಾರೆ. ಹೆಚ್ಚೆಂದರೆ ಮೂರನೆಯ ದಿನದ ಸಂಜೆಯವರೆಗೆ. ಆ ಬಳಿಕ ಅವರು ಅದನ್ನು ಕುಡಿಯುತ್ತಿರಲಿಲ್ಲ, ಚೆಲ್ಲಿಸಿಬಿಡುತ್ತಿದ್ದರು ಎಂದು ಹ. ಇಬ್ನು ಅಬ್ಬಾಸ್(ರ) ತಿಳಿಸುತ್ತಾರೆ. ಎರಡೂ ವರದಿಗಳು ಸಹೀಹ್ ಮುಸ್ಲಿಮ್‌ನಲ್ಲಿವೆ.

ವ್ಯರ್ಥ ಮಾಡಬೇಡಿ ಎಂದು ಕಲಿಸಿದವರೇ ಅದನ್ನೇಕೆ ಚೆಲ್ಲಿಸುತ್ತಿದ್ದರು? ಸಿಹಿ ನೀರು ಬೆಚ್ಚಗಿನ ಹವೆಯಲ್ಲಿ ಹೆಚ್ಚು ಹೊತ್ತು ನಿಂತರೆ ಗಾಳಿಯಲ್ಲೂ ಹಣ್ಣಿನ ಸಿಪ್ಪೆಯಲ್ಲೂ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಒಟ್ಟಿಗೇ ಹೊರಬಿಡುತ್ತದೆ. ಒಂದು ಗುಳ್ಳೆಯೇಳಿಸುವ ಇಂಗಾಲದ ಡೈ ಆಕ್ಸೈಡ್; ಇನ್ನೊಂದು ಆಲ್ಕೋಹಾಲ್. ಗುಳ್ಳೆ ಕಾಣಿಸುತ್ತದೆ, ಆಲ್ಕೋಹಾಲ್ ಕಾಣಿಸುವುದಿಲ್ಲ. ಖರ್ಜೂರ ಮತ್ತು ಒಣದ್ರಾಕ್ಷಿಯನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ ನೆನೆಸಬಾರದೆಂಬ ಹದೀಸಿಗೂ, ಬೆರೆಸಿದರೆ ಹುದುಗು ಬೇಗ ಏರುತ್ತದೆ ಎಂಬ ಕಾರಣವನ್ನು ಅನೇಕ ವಿದ್ವಾಂಸರು ಕೊಟ್ಟಿದ್ದಾರೆ.

ಇಂದು ಈ ಮಾತು ಮತ್ತೆ ಮುಖ್ಯವಾಗಿದೆ. ಶುಂಠಿ ಮತ್ತು ಸಕ್ಕರೆಯನ್ನು ದಿನಗಟ್ಟಲೆ ಹುದುಗಿಸಿ, ಬಾಟಲಿಯ ಬಾಯಿ ಬಿಗಿದು ‘ನೈಸರ್ಗಿಕ ಸೋಡಾ’ ಮಾಡುವ ವಿಧಾನ ಎಲ್ಲೆಡೆ ಪ್ರಚಾರದಲ್ಲಿದೆ. ಹೆಸರು ನೈಸರ್ಗಿಕವಾದರೂ ಅದರ ಗುಳ್ಳೆ ಬರುವುದು ಇದೇ ಯೀಸ್ಟ್‌ನಿಂದ. ನಮ್ಮ ಸೆಖೆಯಲ್ಲಿ ಹುದುಗು ಎಷ್ಟು ವೇಗವಾಗಿ ಏರುತ್ತದೆಂದು ದೋಸೆ ಹಿಟ್ಟು ಉಕ್ಕುವುದನ್ನು ಕಂಡ ನಿಮಗೆ ಹೇಳಬೇಕಿಲ್ಲ. ದೋಸೆ ಹಿಟ್ಟು ಬೆಂಕಿಯ ಮೇಲೆ ಬೇಯುತ್ತದೆ. ಈ ಸೋಡಾ ಹಾಗೆಯೇ ಗಂಟಲಿಗಿಳಿಯುತ್ತದೆ. ಬಿಗಿದ ಗಾಜಿನ ಬಾಟಲಿ ಒತ್ತಡಕ್ಕೆ ಸಿಡಿಯುವ ಅಪಾಯವೂ ಇದೆ. ಹೆಚ್ಚು ಕುಡಿದರೆ ಮತ್ತೇರಿಸುವ ವಸ್ತು ಸ್ವಲ್ಪವಾದರೂ ನಿಷಿದ್ಧ ಎಂಬ ಪ್ರವಾದಿ ವಚನ ನಮ್ಮ ಮುಂದಿರುವಾಗ, ಸಂಶಯದ ದಾರಿ ಹಿಡಿಯುವುದೇಕೆ? ಹುದುಗಿಸದೆಯೇ ಸೋಡಾ ಮಾಡಬಹುದಲ್ಲ!

ಹುದುಗಿಸದ ಸೋಡಾಗಳು

ಗುಳ್ಳೆ ಬೇಕೆಂದರೆ ಎರಡು ದಾರಿಗಳಿವೆ. ಒಂದು, ಗೋಲಿ ಸೋಡಾ. 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಕಂಡುಹಿಡಿದ ಈ ಬಾಟಲಿಯಲ್ಲಿ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುವುದು ಒಳಗಿನ ಅನಿಲವೇ. ಸಕ್ಕರೆಯಿಲ್ಲದ ಸಾದಾ ಸೋಡಾ ನೀರನ್ನು, ಶುದ್ಧ ನೀರು ಬಳಸುವವರಿಂದ ಕೊಳ್ಳಿ. ಇನ್ನೊಂದು, ನಿಂಬೆ ರಸ ಬೆರೆಸಿದ ಪಾನೀಯಕ್ಕೆ ಕುಡಿಯುವ ಹೊತ್ತಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕುವುದು. ಹುಳಿ ಮತ್ತು ಸೋಡಾ ಸೇರಿ ಆ ಕ್ಷಣದಲ್ಲೇ ನೊರೆಯೇಳುತ್ತದೆ. ಅಡುಗೆ ಸೋಡಾದಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆಯಿರುವವರು ಇದನ್ನು ಬಿಡಬೇಕು.

ಖರ್ಜೂರದ ಸೋಡಾ: ಬೀಜ ತೆಗೆದ ನಾಲ್ಕು ಖರ್ಜೂರವನ್ನು ಬೆಳಿಗ್ಗೆ ಒಂದು ಲೋಟ ನೀರಿನಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡಿ. ಸಂಜೆ ಅದೇ ನೀರಿನಲ್ಲಿ ಕಿವುಚಿ, ಸೋಸದೆ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಒಂದು ಲೋಟ ತಣ್ಣನೆಯ ಸೋಡಾ ಬೆರೆಸಿ. ಇಬ್ಬರಿಗೆ ಸಾಕು. ಸಕ್ಕರೆ ಬೇಡವೇ ಬೇಡ.

ಅಂಜೂರದ ಸೋಡಾ: ಬಳ್ಳಾರಿಯ ಅಂಜೂರ ಹೆಸರುವಾಸಿ. ಮೂರು ಒಣ ಅಂಜೂರವನ್ನು ಬೆಳಿಗ್ಗೆ ನೆನೆಸಿ ಸಂಜೆ ನುಣ್ಣಗೆ ರುಬ್ಬಿ, ಚಿಟಿಕೆ ಏಲಕ್ಕಿ ಪುಡಿ, ನಿಂಬೆ ರಸ ಮತ್ತು ಸೋಡಾ ಸೇರಿಸಿ.

ಬೆಲ್ಲ-ಶುಂಠಿ ಸೋಡಾ: 100 ಗ್ರಾಂ ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಒಂದು ಕುದಿ ಬರಿಸಿ ಸೋಸಿಡಿ. ಲೋಟಕ್ಕೆ ಎರಡು ಟೀ ಚಮಚ ಈ ಪಾಕ, ಒಂದು ಚಮಚ ಶುಂಠಿ ರಸ, ನಿಂಬೆ ರಸ, ಹುರಿದ ಜೀರಿಗೆ ಪುಡಿ, ಚೂರು ಉಪ್ಪು ಹಾಕಿ ಸೋಡಾ ಸುರಿಯಿರಿ. ಪಾಕವನ್ನು ಫ್ರಿಜ್ಜಿನಲ್ಲಿಟ್ಟು ಎರಡು-ಮೂರು ದಿನಗಳಲ್ಲಿ ಮುಗಿಸಿ.

ಕಲ್ಲಂಗಡಿ ಸೋಡಾ: ಬೀಜ ತೆಗೆದ ಹೋಳುಗಳನ್ನು ನಾಲ್ಕು ಪುದೀನ ಎಲೆಗಳೊಂದಿಗೆ ರುಬ್ಬಿ, ನಿಂಬೆ ಹಿಂಡಿ, ಅರ್ಧದಷ್ಟು ಸೋಡಾ ಬೆರೆಸಿ. ಬಣ್ಣ ನೋಡಿಯೇ ಮಕ್ಕಳು ಕೈ ಚಾಚುತ್ತಾರೆ.

‘ನೈಸರ್ಗಿಕ’ವೆಂದು ಮೈಮರೆಯಬೇಡಿ

ಬೆಲ್ಲವೂ ಬಹುಪಾಲು ಸಕ್ಕರೆಯೇ. ಜೇನುತುಪ್ಪವೂ ರಕ್ತದ ಸಕ್ಕರೆ ಏರಿಸುತ್ತದೆ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ಕೊಡಲೇಬಾರದು. ಸಾಧಾರಣ ಗಾತ್ರದ ಒಂದು ಒಣ ಖರ್ಜೂರದಲ್ಲಿ ಸುಮಾರು ಐದು ಗ್ರಾಂ ಸಕ್ಕರೆಯಿದೆ. ಖರ್ಜೂರ, ಅಂಜೂರವನ್ನು ಸೋಸದೆ ಇಡಿಯಾಗಿ ಬಳಸಿದರೆ ನಾರು ಸಿಗುತ್ತದೆ, ಅದು ಲಾಭ. ಆದರೆ ನಿಜವಾದ ಲಾಭವಿರುವುದು ಅಳತೆ ನಿಮ್ಮ ಕೈಯಲ್ಲಿರುವುದರಲ್ಲಿ. ಈ ವಾರ ಎರಡು ಚಮಚ ಪಾಕ ಹಾಕಿದರೆ ಮುಂದಿನ ವಾರ ಒಂದೂವರೆ ಹಾಕಿ. ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಬಾಟಲಿಯ ಕಂಪೆನಿ ನಿಮಗಾಗಿ ಅರ್ಧ ಚಮಚ ಇಳಿಸುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಸೋಡಾದ ಬದಲು ನೀರು ಮಜ್ಜಿಗೆ, ಉಪ್ಪು-ಜೀರಿಗೆಯ ನಿಂಬೆ ಸೋಡಾ, ನೆನೆಸಿದ ಕಾಮಕಸ್ತೂರಿ ಬೀಜ ಹಾಕಿದ ನಿಂಬೆ ನೀರು ಕೊಡಿ. ಉಪವಾಸ ಹಿಡಿಯುವ ಮೊದಲು ಅವರು ವೈದ್ಯರನ್ನು ಕಾಣಲಿ.

ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರದಿರಿ ಎಂಬ ಆಶಯದ ಆಜ್ಞೆ ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 31ನೆಯ ಸೂಕ್ತದಲ್ಲಿದೆ. ಹೊಟ್ಟೆಯ ಮೂರನೆಯ ಒಂದು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಹಲಾಲ್ ಆಗಿದ್ದರೆ ಸಾಕೆಂದು ನಾವು ಲೇಬಲ್ ನೋಡುತ್ತೇವೆ, ಅಳತೆಯನ್ನು ಮರೆಯುತ್ತೇವೆ.

ಇದೆಲ್ಲ ಹೇಳಲು ಚೆಂದ, ಮಾಡಲು ಯಾರಿಗೆ ಸಮಯವಿದೆ ಎಂದು ಕೇಳುವಿರಾ? ಪ್ರಶ್ನೆ ನ್ಯಾಯವಾದುದು. ದಿನವಿಡೀ ಜೀನ್ಸ್ ಹೊಲಿದು ಬಂದ ತಾಯಿಯ ಮೇಲೆ ಇನ್ನೊಂದು ಹೊರೆ ಹೊರಿಸಬಾರದು. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹ. ಆಯಿಶಾ(ರ) ಹೇಳಿದ್ದು ಬುಖಾರಿಯಲ್ಲಿದೆ. ರಾತ್ರಿ ಹುರುಳಿ ನೆನೆಸುವ ಕೆಲಸ ಅಬ್ಬಾನದಾಗಲಿ. ಬೆಳಿಗ್ಗೆ ಖರ್ಜೂರದ ಬೀಜ ತೆಗೆದು ನೀರಿಗೆ ಹಾಕುವುದು ಹತ್ತು ವರ್ಷದ ಮಗುವಿನ ಕೈಗೂ ಆಗುವ ಕೆಲಸ. ತಾನೇ ನೆನೆಸಿದ ಪಾನೀಯವನ್ನು ಮಗು ಬೇಡವೆನ್ನುವುದು ಕಡಿಮೆ.

ಮುಂದಿನ ಸಲ ಮನೆಯಲ್ಲಿ ಬಿರಿಯಾನಿ ಬೇಯುವ ದಿನ, ಬಾಟಲಿಗೆಂದು ತೆಗೆದಿಟ್ಟ ಹಣದಲ್ಲಿ ಕಾಲು ಕಿಲೋ ಖರ್ಜೂರ, ನಾಲ್ಕು ನಿಂಬೆಹಣ್ಣು, ಎರಡು ಸಾದಾ ಸೋಡಾ ತನ್ನಿ. ಬೆಳಿಗ್ಗೆ ನೆನೆಸಿ, ಸಂಜೆ ‘ಬಿಸ್ಮಿಲ್ಲಾ’ ಎಂದು ಎಲ್ಲರೂ ಒಟ್ಟಿಗೆ ಕುಳಿತು ಕುಡಿಯಿರಿ.