ರಕ್ತದ ಒತ್ತಡದ ಗುಳಿಗೆ: ಹಗಲಿಗೋ, ರಾತ್ರಿಗೋ?

ಬೆಳಗಾವಿಯ ವಡಗಾವಿ ನೇಕಾರರ ನೆಲೆ. ಅಲ್ಲಿಯ ಓಣಿಗಳಲ್ಲಿ ಅಡ್ಡಾಡಿದವರಿಗೆ ಮಗ್ಗದ ಸಪ್ಪಳವು ಅಪರಿಚಿತವಲ್ಲ. ವಿದ್ಯುತ್ ಮಗ್ಗದ ಮೇಲೆ ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ ದುಡಿಯುವ ನೇಕಾರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ರಕ್ತದ ಒತ್ತಡ ಏರಿದೆಯೆಂದು ವೈದ್ಯರು ಅವರಿಗೆ ದಿನಕ್ಕೊಂದು ಗುಳಿಗೆಯನ್ನು ಗೊತ್ತುಮಾಡಿದ್ದಾರೆ. ಅದನ್ನು ರಾತ್ರಿ ನುಂಗಿದರೆ ಗುಣ ಹೆಚ್ಚೆಂದು ನೆರೆಯವರ ಸಲಹೆ. ಆದರೆ ರಾತ್ರಿ ದುಡಿದು ಹಗಲು ಮಲಗುವವರಿಗೆ ರಾತ್ರಿ ಯಾವುದು?

ಈ ಸಲಹೆ ನಿರಾಧಾರವಾಗಿ ಹುಟ್ಟಿದ್ದಲ್ಲ. ನಮ್ಮ ರಕ್ತದ ಒತ್ತಡವು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಆರೋಗ್ಯವಂತರಲ್ಲಿ ಅದು ನಿದ್ರೆಯಲ್ಲಿ ಶೇಕಡಾ ೧೦ರಿಂದ ೨೦ರಷ್ಟು ಇಳಿದು, ಎಚ್ಚರಾಗುವ ಹೊತ್ತಿಗೆ ಮತ್ತೆ ಏರುತ್ತದೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲಿಯೇ ಹೆಚ್ಚೆಂಬುದೂ ಕಂಡುಬಂದಿದೆ. ಕೆಲವರಲ್ಲಿ, ವಿಶೇಷವಾಗಿ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ರೋಗವುಳ್ಳವರಲ್ಲಿ, ರಾತ್ರಿಯ ಈ ಇಳಿತ ಕಾಣುವುದಿಲ್ಲ. ಅವರಿಗೆ ಅಪಾಯವೂ ಅಧಿಕ. ಹಾಗಾದರೆ ಔಷಧಿಯ ಬಲವೆಲ್ಲ ರಾತ್ರಿಯ ಪಾಲಿಗೆ ಒದಗಲಿ ಎಂಬ ಆಲೋಚನೆ ಸಹಜವೇ.

೨೦೧೯ರಲ್ಲಿ ಸ್ಪೇನ್ ದೇಶದಿಂದ ಹೊರಬಂದ 'ಹೈಜಿಯಾ' ಎಂಬ ಪ್ರಯೋಗದ ವರದಿಯು ಈ ಆಲೋಚನೆಗೆ ರೆಕ್ಕೆ ಕಟ್ಟಿತು. ೧೯,೦೮೪ ರೋಗಿಗಳನ್ನು ಒಳಗೊಂಡಿದ್ದ ಅದರಲ್ಲಿ, ಮಲಗುವಾಗ ಗುಳಿಗೆ ನುಂಗಿದವರಿಗೆ ಹೃದಯ ಮತ್ತು ರಕ್ತನಾಳಗಳ ಆಪತ್ತು ಶೇಕಡಾ ೪೫ರಷ್ಟು ಕಡಿಮೆಯಾಯಿತೆಂದು ಹೇಳಲಾಗಿತ್ತು. ನಮಗಂತೂ ಈ ಅಂಕಿಯೇ ಸಂಶಯವನ್ನುಂಟುಮಾಡುತ್ತದೆ. ಔಷಧಿಯನ್ನೇ ತೆಗೆದುಕೊಳ್ಳದವರಿಗಿಂತ ತೆಗೆದುಕೊಂಡವರಿಗೆ ಪಾರ್ಶ್ವವಾಯು ತಗ್ಗುವುದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಬರಿಯ ಹೊತ್ತು ಬದಲಿಸಿದ ಮಾತ್ರಕ್ಕೆ ಅದನ್ನೂ ಮೀರಿದ ಲಾಭ ಬರುವುದೆಂದರೆ ಹೇಗೆ? ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿದ ಕ್ರಮದ ಬಗೆಗೂ ತಜ್ಞರು ಪ್ರಶ್ನೆಗಳನ್ನೆತ್ತಿದರು.

ಉತ್ತರ ದೊರೆತದ್ದು ಬ್ರಿಟನ್ನಿನ 'ಟೈಮ್' ಪ್ರಯೋಗದಿಂದ. ೨೧,೧೦೪ ಜನರನ್ನು ಐದು ವರ್ಷಕ್ಕೂ ಮಿಕ್ಕು ಗಮನಿಸಿ ೨೦೨೨ರಲ್ಲಿ ಪ್ರಕಟವಾದ ಇದರ ಪ್ರಕಾರ, ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಆಪತ್ತಿಗೆ ಗುರಿಯಾದವರು ಸಂಜೆಯ ಗುಂಪಿನಲ್ಲಿ ಶೇಕಡಾ ೩.೪, ಬೆಳಗಿನ ಗುಂಪಿನಲ್ಲಿ ಶೇಕಡಾ ೩.೭. ಇದು ಆಕಸ್ಮಿಕವಾಗಿಯೂ ಉಂಟಾಗಬಹುದಾದಷ್ಟು ಅಲ್ಪ ಅಂತರ. ೨೦೨೫ರಲ್ಲಿ ಪ್ರಕಟವಾದ, ೩,೩೫೭ ಜನರ ಮೇಲಿನ ಕೆನಡಾದ ಪ್ರಯೋಗವೂ ಇದನ್ನೇ ಹೇಳಿತು.

ಕಾರಣವನ್ನು ತಿಳಿಯಲು ಒಂದು ಹಂಡೆಯನ್ನು ನೆನೆಯೋಣ. ತಳದ ಸಣ್ಣ ತೂತಿನಿಂದ ನೀರು ಸೋರುತ್ತಿರುವ ದೊಡ್ಡ ಹಂಡೆಗೆ ದಿನಕ್ಕೊಂದು ಕೊಡ ನೀರು ಸುರಿಯುತ್ತಿದ್ದರೆ, ಕೆಲವು ದಿನಗಳಲ್ಲಿ ನೀರಿನ ಮಟ್ಟವು ಸ್ಥಿರವಾಗುತ್ತದೆ. ಬಹು ಬಳಕೆಯ ಅಮ್ಲೊಡಿಪಿನ್ ಇಂಥದು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ೩೦ರಿಂದ ೫೦ ಗಂಟೆಗಳು ಬೇಕು. ಸುಮಾರು ವಾರವೊಂದು ಕಳೆದ ಮೇಲೆ ಅದನ್ನು ಯಾವ ಹೊತ್ತಿಗೆ ನುಂಗಿದರೂ ಹಗಲಿರುಳು ಅದರ ಕೆಲಸ ನಡೆದಿರುತ್ತದೆ. ಲೊಸಾರ್ಟನ್‌ನಂಥವು ಬೇಗನೆ ಇಳಿಯುವುದರಿಂದ ಕೆಲವರಿಗೆ ಅವನ್ನು ಎರಡು ಹೊತ್ತಿಗೆ ಹಂಚಿ ಕೊಡುವುದುಂಟು.

ಹಂಡೆಗೆ ನೀರು ಸುರಿಯುವುದನ್ನೇ ಮರೆತರೆ ಮಾತ್ರ ಲೆಕ್ಕ ಕೆಡುತ್ತದೆ. 'ಟೈಮ್' ಪ್ರಯೋಗದಲ್ಲಿ ಗೊತ್ತುಪಡಿಸಿದ ಹೊತ್ತನ್ನು ಪಾಲಿಸಲಾರದೆ ಹೋದವರು ಸಂಜೆಯ ಗುಂಪಿನಲ್ಲಿ ಶೇಕಡಾ ೩೯. ಬೆಳಗಿನ ಗುಂಪಿನಲ್ಲಿ ೨೨.೫. ದಣಿದು ಬಂದು ಉಂಡು ಮಲಗುವ ಹೊತ್ತಿನಲ್ಲಿ ಗುಳಿಗೆ ಯಾರಿಗೆ ನೆನಪಾದೀತು!

ನಮ್ಮ ನೇಕಾರರಿಗೆ ಪಾಳಿ ಬದಲಾಗುವ ಬೆಳಗಿನ ಹೊತ್ತೇ ಅನುಕೂಲವೆಂದು ನಮಗೆ ತೋರುತ್ತದೆ. ಒಂದು ವಾರ ಅದು ಕೆಲಸಕ್ಕೆ ಹೊರಡುವ ಸಮಯ, ಮರುವಾರ ಮನೆಗೆ ಮರಳುವ ಸಮಯ. ಗಡಿಯಾರದಲ್ಲಿ ಮಾತ್ರ ಎರಡೂ ಒಂದೇ. ಮೂತ್ರವನ್ನು ಹೆಚ್ಚಿಸುವ ಕ್ಲೋರ್ಥಾಲಿಡೋನ್‌ನಂಥ ಗುಳಿಗೆಯಾದರೆ ಮಾತು ಬೇರೆ. ಅದನ್ನು ನುಂಗಿ ಮಲಗಿದರೆ ನಿದ್ರೆ ಕೆಡುವುದರಿಂದ, ರಾತ್ರಿ ಪಾಳಿಯ ವಾರದಲ್ಲಿ ಎದ್ದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗಕೂಡದು.

ಒಂದು ಗುಳಿಗೆಯ ಬಲ ಮರುದಿನದ ಗುಳಿಗೆಯವರೆಗೆ ನಿಲ್ಲುವುದೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ಅರಿಯಬಹುದು. ಗುಳಿಗೆ ನುಂಗುವ ಮೊದಲು, ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು ಸುಮ್ಮನೆ ಕುಳಿತು, ತೋಳಿನ ಪಟ್ಟಿಯುಳ್ಳ ಯಂತ್ರದಿಂದ ಒತ್ತಡವನ್ನು ಅಳೆಯಬೇಕು. ಒಂದು ವಾರದ ಅಂಕಿಗಳನ್ನು, ಯಾವ ಪಾಳಿಯ ವಾರವೆಂಬುದರೊಡನೆ ಬರೆದಿಟ್ಟು ಒಯ್ದರೆ, ಗುಳಿಗೆಯನ್ನು ಬದಲಿಸಬೇಕೋ ಅದೇ ಸಾಕೋ ಎಂಬುದನ್ನು ವೈದ್ಯರು ನಿರ್ಧರಿಸಬಲ್ಲರು.